ಹರಿಪುರದ ಹಗೇವುಗಳೂ ನಮ್ಮ ಅರಿಷಿಣವೂ

ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುವ ಹೊತ್ತಿಗೆ ದಿಗ್ಗೇವಾಡಿ ಕಡೆ ಅರಿಷಿಣ ಅಗೆಯುವ ಹಂಗಾಮು. ಅಗೆದ ಮಾಲು ಎಲ್ಲಿಗೆ ಎಂದು ಕೇಳಿದರೆ ನಾವು ಹೆಚ್ಚಾಗಿ ಕೇಳುವ ಉತ್ತರ, ಸಾಂಗ್ಲಿಗೆ.

1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಸಾಂಗ್ಲಿ ಮುಂಬೈ ರಾಜ್ಯದಲ್ಲೇ ಉಳಿಯಿತು. ನಡುವೆ ಗಡಿ ಬಂದರೂ ಅರಿಷಿಣದ ಗಾಡಿ ದಾರಿ ಬಿಡಲಿಲ್ಲ. ಕೊಳ್ಳುವವರೂ ಅಲ್ಲಿದ್ದರು, ಕೂಡಿಡುವ ಜಾಗವೂ ಅಲ್ಲಿತ್ತು.

ಈ ಬೆಳೆಗೆ ದುಡಿಮೆ ಜಾಸ್ತಿ. ಮೇ-ಜೂನ್‌ನಲ್ಲಿ ಬೀಜದ ಗಡ್ಡೆ ಊರಿದರೆ ಎಂಟು-ಒಂಬತ್ತು ತಿಂಗಳು ಕಾಯಬೇಕು. ಎಲೆ ಒಣಗಿದ ಮೇಲೆ ಕೊಯ್ದು, ಗಡ್ಡೆ ಅಗೆದು, ತಾಯಿಗಡ್ಡೆಯಿಂದ ಕೊಂಬು ಬೇರೆ ಮಾಡಬೇಕು. ಆಮೇಲೆ ಕುದಿಸುವುದು. ಮೊದಲು ದೊಡ್ಡ ಕಡಾಯಿ, ಈಗ ಉಗಿಯ ಬಾಯ್ಲರ್. ನೊರೆ ಎದ್ದು ಘಮ ಬಂದಾಗ ಕಡ್ಡಿ ಚುಚ್ಚಿ ನೋಡುತ್ತಾರೆ. ಸಲೀಸಾಗಿ ಇಳಿದರೆ ಬೆಂದಿದೆ ಎಂದರ್ಥ. ಎರಡು ವಾರ ಬಿಸಿಲಿಗೆ ಒಣಗಿಸಿ, ಡ್ರಮ್ಮಿನಲ್ಲಿ ತಿರುಗಿಸಿ ಹೊಳಪು ಕೊಡುತ್ತಾರೆ. ಐದು ಕಿಲೋ ಹಸಿ ಅರಿಷಿಣಕ್ಕೆ ಸುಮಾರು ಒಂದು ಕಿಲೋ ಒಣ ಮಾಲು.

ಇಷ್ಟಾದ ಮೇಲೆ ಕಾಯುವ ಶಕ್ತಿ ಬೇಕು. ಹಂಗಾಮಿನಲ್ಲಿ ಎಲ್ಲರ ಮಾಲೂ ಒಟ್ಟಿಗೆ ಬಂದು ದರ ಇಳಿಯುತ್ತದೆ. ಆ ಶಕ್ತಿ ಇದ್ದದ್ದು ಸಾಂಗ್ಲಿ ಪಕ್ಕದ ಹರಿಪುರದ ನೆಲದಲ್ಲಿ. ಅಲ್ಲಿ ನಮ್ಮ ಹಗೇವಿನಂತೆ ಕುಣಿ ತೋಡುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ಪೇವ್ ಎನ್ನುತ್ತಾರೆ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮಾಲು ತುಂಬಿ ಮಣ್ಣಿನಿಂದ ಬಾಯಿ ಮುಚ್ಚಿದರೆ ಗಾಳಿಯಿಲ್ಲ, ಹುಳವಿಲ್ಲ. ಅರಿಷಿಣ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ.

ಆದರೆ ಹರಿಪುರ ಇರುವುದು ಕೃಷ್ಣಾ-ವಾರಣಾ ಸಂಗಮದಲ್ಲಿ. 2005ರ ಮಹಾಪೂರದಲ್ಲಿ ನೀರು ಹಗೇವುಗಳಿಗೆ ನುಗ್ಗಿತು, ಒಳಗಿದ್ದ ಅರಿಷಿಣ ಕೊಳೆತುಹೋಯಿತು. ಅಂದಿನಿಂದ ಮಾಲು ಗೋದಾಮು, ಕೋಲ್ಡ್ ಸ್ಟೋರೇಜುಗಳತ್ತ ತಿರುಗಿತು. 2018ರಲ್ಲಿ ಸಾಂಗ್ಲಿ ಅರಿಷಿಣಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಅಷ್ಟರಲ್ಲಿ ಅದಕ್ಕೆ ಹೆಸರು ತಂದಿದ್ದ ಹಗೇವುಗಳ ಕಾಲ ಮುಗಿದಿತ್ತು.

ಮರುವರ್ಷವೇ, 2019ರ ಆಗಸ್ಟ್‌ನಲ್ಲಿ, ಅದೇ ಕೃಷ್ಣೆ ನಮ್ಮ ದಂಡೆಯ ಊರುಗಳಿಗೂ ನುಗ್ಗಿದಳು. ಬೆಳೆಯುವುದು, ಕುದಿಸುವುದು, ಒಣಗಿಸುವುದು ನಮ್ಮ ರೈತರಿಗೆ ಗೊತ್ತು. ಸಾಲದ ಕಂತು ಬಂದಾಗ ಕಾಯುವುದೇ ಕಷ್ಟ. ಹಗೇವು ಕಲಿಸಿದ ಪಾಠವೂ ಇದೇ: ಮಾಲು ಇಡಲು ಜಾಗ ಇದ್ದವನೇ ದರ ನೋಡಿ ಮಾರುತ್ತಾನೆ. ನಮಗೆ ಬೇಕಾದದ್ದು ಆ ಜಾಗ, ಹೊಳೆಯ ನೀರು ಮುಟ್ಟದ ಎತ್ತರದಲ್ಲಿ.