ಖಾಲಿ ಪೆಟ್ಟಿಗೆಯ ಚರಿತ್ರೆ

ಅಂಬರನಾಥ, ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳ ಅಡುಗೆಮನೆಯಲ್ಲಿ ಊರಿನ ಜೇನಿನ ಬಾಟಲಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮೇ ರಜೆ ಮುಗಿಸಿ ಮರಳುವಾಗ ಹಪ್ಪಳ, ಉಪ್ಪಿನಕಾಯಿಗಳ ನಡುವೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದದ್ದು. ಕೆಮ್ಮಿಗೆ, ಪಂಚಾಮೃತಕ್ಕೆ, ನೀರುದೋಸೆಗೆ ಅದೇ ಆಗಬೇಕು. ‘ನಮ್ಮ ಕಡೆ ಅನಾದಿ ಕಾಲದಿಂದ ಜೇನು ಸಾಕುತ್ತಾರೆ’ ಎಂದು ನೆರೆಮನೆಯವರಿಗೆ ಹೇಳಿಕೊಳ್ಳುವುದೂ ಉಂಟು. ಜೇನು ಅನಾದಿಯದು, ನಿಜ. ತೋಟದ ಅಂಚಿನಲ್ಲಿ ನಾವು ನೋಡಿ ಬೆಳೆದ ಪೆಟ್ಟಿಗೆಗೆ ಮಾತ್ರ ನೂರು ವರ್ಷದ ಆಚೀಚಿನ ವಯಸ್ಸು. ಆ ಸಣ್ಣ ಚರಿತ್ರೆಯ ನಡುವೆ ಒಂದು ದೊಡ್ಡ ಬಿರುಕೂ ಇದೆ.

ಮೊದಲು ನೊಣದ ವಿಷಯ. ಇಲ್ಲಿನ ಎತ್ತರದ ಕಟ್ಟಡಗಳ ಸಜ್ಜಾದ ಕೆಳಗೆ, ನೀರಿನ ಟ್ಯಾಂಕಿನ ಬುಡದಲ್ಲಿ ಒಂದೇ ದೊಡ್ಡ ಎರಿ ಕಟ್ಟಿ ನೇತಾಡುವುದು ಹೆಜ್ಜೇನು; ಮರಾಠಿಯವರ ಆಗ್ಯಾ. ಅದು ಬಯಲಿನ ಜೀವಿ, ವಲಸೆಗಾರ. ಪೊದೆಯ ಕಡ್ಡಿಗೆ ಅಂಗೈಯಗಲದ ಗೂಡು ಕಟ್ಟುವುದು ಕೋಲ್ಜೇನು. ಗೋಡೆಯ ಸಂದಿಯಲ್ಲಿರುವ, ಕುಟುಕಲಾರದ ಪುಟಾಣಿ ಮುಜಂಟಿ. ನಾಲ್ಕನೆಯದು ತುಡುವೆ, ಮರಾಠಿಯಲ್ಲಿ ಸಾತೇರಿ. ಮರದ ಪೊಟರೆ, ಹುತ್ತದಂಥ ಕತ್ತಲೆಯಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿಗಳನ್ನು ಇದು ಇಳಿಬಿಡುತ್ತದೆ. ಕತ್ತಲೆಯ ಈ ಒಲವಿನಿಂದಲೇ ತುಡುವೆ ಪೆಟ್ಟಿಗೆಗೆ ಒಗ್ಗಿತು.

ಪೆಟ್ಟಿಗೆ ಬರುವ ಮುಂಚೆ ಮಣ್ಣಿನ ಮಡಕೆ, ಟೊಳ್ಳು ಮರದ ತುಂಡು ಇದ್ದವು. ಒಳಗೆ ಮೇಣ ಸವರಿ, ಸಣ್ಣ ಕಂಡಿ ಬಿಟ್ಟು ಇಟ್ಟರೆ ಅದೃಷ್ಟವಿದ್ದ ವರ್ಷ ಜೇನು ಬಂದು ಕೂರುತ್ತಿತ್ತು. ಆದರೆ ಎರಿ ಮಡಕೆಗೇ ಅಂಟಿರುತ್ತಿದ್ದುದರಿಂದ ತುಪ್ಪ ಬೇಕೆಂದರೆ ಅದನ್ನು ಕತ್ತರಿಸಿ ಹಿಂಡಬೇಕು. ಮೊಟ್ಟೆ, ಮರಿಗಳೂ ಅದರೊಂದಿಗೇ ಹೋಗುತ್ತಿದ್ದವು. ಸಾಕುವುದಕ್ಕಿಂತ ಕಾದು ಕುಳಿತು ಕೀಳುವುದೇ ಹೆಚ್ಚು.

ಈ ಕಗ್ಗಂಟು ಬಿಡಿಸಿದ್ದು 1851ರಲ್ಲಿ, ಅಮೆರಿಕದ ಲಾಂಗ್‌ಸ್ಟ್ರಾತ್ ಎಂಬ ಪಾದ್ರಿ. ನೊಣಗಳು ತಾವು ಓಡಾಡಲು ಬೇಕಾದಷ್ಟೇ ಸಂದನ್ನು ಖಾಲಿ ಬಿಡುತ್ತವೆ. ಅದಕ್ಕಿಂತ ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ, ಅಗಲವಾದರೆ ಅಲ್ಲೊಂದು ಎರಿ ಕಟ್ಟುತ್ತವೆ. ಆ ಅಳತೆ ಹಿಡಿದು ಚೌಕಟ್ಟುಗಳನ್ನು ತೂಗುಹಾಕಿದರೆ ಪ್ರತಿಯೊಂದು ಎರಿಯನ್ನೂ ಪುಸ್ತಕದ ಹಾಳೆಯಂತೆ ಎತ್ತಿ ನೋಡಿ ಮತ್ತೆ ಇಡಬಹುದು. ನೊಣ ಸಾಯದೆ, ಮರಿ ಕೆಡದೆ ತುಪ್ಪ ತೆಗೆಯಬಹುದು.

ಆದರೆ ಅದು ಯುರೋಪಿನ ದೊಡ್ಡ ನೊಣಕ್ಕೆ ಹೊಲಿದ ಅಂಗಿ. ನಮ್ಮ ತುಡುವೆಯ ಮೈಯೂ ಚಿಕ್ಕದು, ಸಂಸಾರವೂ ಚಿಕ್ಕದು. 1880ರ ದಶಕದಲ್ಲಿ ಬಂಗಾಳದಲ್ಲೂ ಪಂಜಾಬಿನಲ್ಲೂ ನಡೆದ ಪ್ರಯತ್ನಗಳು ಹೆಚ್ಚು ಫಲ ಕೊಡಲಿಲ್ಲ. 1910ರ ನಂತರ ತಿರುಚಿನಾಪಳ್ಳಿಯಲ್ಲಿ ನ್ಯೂಟನ್ ಎಂಬ ಜೆಸ್ವಿಟ್ ಪಾದ್ರಿ ತುಡುವೆಯ ಅಳತೆಗೆ ತಕ್ಕ ಸಣ್ಣ ಪೆಟ್ಟಿಗೆ ಮಾಡಿ, ಸುತ್ತಲಿನ ಹಳ್ಳಿಯವರಿಗೆ ಕಲಿಸಿದರು. ಕೆಳಗೆ ಮೊಟ್ಟೆ, ಮರಿಗಳ ಸಂಸಾರ ಕೋಣೆ. ಮೇಲೆ ಗಿಡ್ಡ ಚೌಕಟ್ಟುಗಳ ಜೇನು ಕೋಣೆ. ದಕ್ಷಿಣದ ತೋಟಗಳಲ್ಲಿ ಇವತ್ತಿಗೂ ಕಾಣುವ ಪುಟ್ಟ ಪೆಟ್ಟಿಗೆ ಆ ನ್ಯೂಟನ್ ಪೆಟ್ಟಿಗೆಯ ಸಂತತಿಯೇ.

ಮುಂದಿನದು ಬೇಗ ಬೇಗ ನಡೆಯಿತು. ತಿರುವಾಂಕೂರಿನಲ್ಲಿ 1917, ಮೈಸೂರಿನಲ್ಲಿ 1925, ಮದ್ರಾಸ್ ಪ್ರಾಂತದಲ್ಲಿ 1931, ಕೊಡಗಿನಲ್ಲಿ 1934 – ಹೀಗೆ ಪೆಟ್ಟಿಗೆಯ ಸಾಕಣೆ ಒಂದೊಂದೇ ಸೀಮೆಗೆ ಕಾಲಿಟ್ಟಿತು. 1928ರಲ್ಲಿ ರಾಯಲ್ ಕೃಷಿ ಆಯೋಗ ಇದನ್ನು ಗುಡಿ ಕೈಗಾರಿಕೆಯಾಗಿ ಬೆಳೆಸಲು ಶಿಫಾರಸು ಮಾಡಿತ್ತು. 1934ರಲ್ಲಿ ಗಾಂಧೀಜಿ ಕಟ್ಟಿದ ಗ್ರಾಮೋದ್ಯೋಗ ಸಂಘವೂ ಜೇನನ್ನು ಕೈಗೆತ್ತಿಕೊಂಡಿತು. ವಿರಾಜಪೇಟೆಯಲ್ಲಿ, ಪುತ್ತೂರಿನಲ್ಲಿ ಜೇನು ಸಾಕುವವರ ಸಹಕಾರ ಸಂಘಗಳು ಎದ್ದವು. ಹಾಲಿನ ಡೈರಿ ಹಳ್ಳಿಗೆ ಬರುವ ಎಷ್ಟೋ ಮೊದಲೇ ಮಲೆನಾಡಿನ ರೈತ ‘ಸೊಸೈಟಿಗೆ ಹಾಕಿ ಬರುತ್ತೇನೆ’ ಎನ್ನುತ್ತಿದ್ದುದು ಜೇನುತುಪ್ಪವನ್ನು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿ ಜೇನಿನ ನೆಪದಿಂದಲೇ ತೆರೆದುಕೊಳ್ಳುವುದು ಆಕಸ್ಮಿಕವಲ್ಲ. ಮೂಡಿಗೆರೆಯಂಥ ಪೇಟೆಯಲ್ಲಿ ಜೇನು ಸೊಸೈಟಿ ಎಂದರೆ ಅಂಚೆ ಕಚೇರಿಯಷ್ಟೇ ಪರಿಚಿತ ಜಾಗ.

ತೋಟದ ಮನೆಯ ವಸಂತವೆಂದರೆ ಈ ಪೆಟ್ಟಿಗೆಯ ಸುತ್ತಲಿನ ಕೆಲಸವೂ ಹೌದು. ಆಟಿಯ ಮಳೆಯಲ್ಲಿ ಹೊರಗೆ ಹೂವಿಲ್ಲದೆ ಸೊರಗುವ ಕುಟುಂಬಕ್ಕೆ ಸಕ್ಕರೆ ಪಾಕ ಇಟ್ಟು ಜೀವ ಉಳಿಸಬೇಕು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಸಂಸಾರ ತುಂಬಿ, ಎರಿಯ ಕೆಳಅಂಚಿನಲ್ಲಿ ಕೆಳಮುಖವಾದ ರಾಣಿ ಕೋಶಗಳು ಇಳಿಯುತ್ತವೆ. ಪಾಲಾಗುವ ಸೂಚನೆ ಅದು. ನೋಡದೆ ಬಿಟ್ಟರೆ ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹಾರಿಹೋಗುತ್ತಾಳೆ. ಹೊತ್ತಿಗೆ ಸರಿಯಾಗಿ ನೋಡಿದರೆ ಆ ಪಾಲನ್ನೇ ಎರಡನೆಯ ಪೆಟ್ಟಿಗೆಗೆ ಕೂರಿಸಬಹುದು. ಮಾಘ, ಫಾಲ್ಗುಣ ಕಳೆಯುತ್ತ ಗೇರು, ಮಾವು, ನೇರಳೆ, ಅಂಟುವಾಳ ಒಂದೊಂದಾಗಿ ಅರಳುತ್ತವೆ. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಾಫಿ ತೋಟ ಬೆಳ್ಳಗಾಗುತ್ತದೆ. ಜೇನು ಕೋಣೆ ಏರಿಸುವುದು, ಇರುವೆ ಹತ್ತದಂತೆ ಕಾಲುಗಳ ಬುಡದ ಬಟ್ಟಲಿಗೆ ನೀರು ತುಂಬಿಸುವುದು, ತುಪ್ಪ ತುಂಬಿ ಮೇಣದ ಮುಚ್ಚಳ ಬಿದ್ದ ಎರಿಗಳನ್ನಷ್ಟೇ ಯಂತ್ರಕ್ಕೆ ಹಾಕಿ ತಿರುಗಿಸುವುದು – ಯುಗಾದಿಯಿಂದ ಮೊದಲ ಮಳೆಯವರೆಗಿನ ದಿನಚರಿ ಇದು.

ಅದೇ ಹೊತ್ತಿಗೆ ಕೊಯ್ಲಾದ ಗದ್ದೆಯಲ್ಲಿ ಸೌತೆ, ಕುಂಬಳ, ಹೀರೆಯ ಬಳ್ಳಿ ಹಬ್ಬಿರುತ್ತದೆ. ಇವುಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಮಿಡಿ ಮೊದಲೇ ಇರುತ್ತದೆ, ಆದರೆ ಯಾವುದಾದರೂ ನೊಣ ಪರಾಗ ಹೊತ್ತು ತರದಿದ್ದರೆ ಅದು ಹಳದಿಯಾಗಿ ಉದುರುತ್ತದೆ. ರೊಬಸ್ಟಾ ಕಾಫಿಯೂ ಪರಪರಾಗಕ್ಕೆ ಕಾಯುವ ಗಿಡ. ತುಪ್ಪದ ಲೆಕ್ಕದಲ್ಲಿ ತುಡುವೆ ಬಡವ. ಒಂದು ಪೆಟ್ಟಿಗೆಗೆ ವರ್ಷಕ್ಕೆ 5ರಿಂದ 10 ಕಿಲೋ ಸಿಕ್ಕರೆ ಸಂತೋಷ. ನಮ್ಮ ಮನೆಯಲ್ಲಿ ಆ ದುಡ್ಡು ಅಡಿಕೆಯ ದುಡ್ಡಿನ ಜೊತೆ ಸೇರುತ್ತಿರಲಿಲ್ಲ. ಅದು ಅಜ್ಜಿಯ ಡಬ್ಬಿಗೆ ಹೋಗಿ, ಜೂನ್ ತಿಂಗಳಲ್ಲಿ ಮಕ್ಕಳ ಪುಸ್ತಕ, ಕೊಡೆಗಳಾಗಿ ಹೊರಬರುತ್ತಿತ್ತು.

ಬಿರುಕು ಬಿದ್ದದ್ದು 1991ರಲ್ಲಿ. 1976ರಲ್ಲಿ ಥಾಯ್ಲೆಂಡಿನಲ್ಲಿ ಪತ್ತೆಯಾಗಿದ್ದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಆ ವರ್ಷ ಕರ್ನಾಟಕಕ್ಕೆ ಕಾಲಿಟ್ಟಿತು. ಕೋಶದೊಳಗಿನ ಮರಿ ರೂಪ ಬದಲಿಸುವ ಮುನ್ನವೇ ಸತ್ತು, ತಲೆ ಮೇಲೆತ್ತಿ ನೀರು ತುಂಬಿದ ಪುಟ್ಟ ಚೀಲದಂತೆ ಬಿದ್ದಿರುತ್ತದೆ. ದೊಡ್ಡ ನೊಣಗಳು ಸಾಯುವುದಿಲ್ಲ. ಮರಿಗೆ ಉಣಿಸುತ್ತ, ಸತ್ತದ್ದನ್ನು ಎಳೆದು ಹಾಕುತ್ತ ತಾವೇ ರೋಗ ಹರಡುತ್ತವೆ. ಹೊಸ ತಲೆಮಾರು ಹುಟ್ಟದ ಪೆಟ್ಟಿಗೆ ಕೆಲವೇ ವಾರಗಳಲ್ಲಿ ಸದ್ದಿಲ್ಲದೆ ಬರಿದಾಗುತ್ತದೆ. ಮದ್ದಿಲ್ಲ. ಒಂದೆರಡು ವರ್ಷಗಳಲ್ಲಿ ದಕ್ಷಿಣ ಭಾರತದ ಸಾಕು ತುಡುವೆ ಕುಟುಂಬಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನಾಶವಾದವೆಂದು ಅಂದಾಜು. ಸೊಸೈಟಿಗಳ ಡಬ್ಬಗಳು ಖಾಲಿಯಾದವು. ಮೇಣದ ಹುಳು ಹಿಡಿದ ಪೆಟ್ಟಿಗೆಗಳು ಅಟ್ಟ ಸೇರಿದವು. ಕೆಲವು ಮನೆಗಳಲ್ಲಿ ಅವೇ ಕೋಳಿ ಕಾವು ಕೂರುವ ಗೂಡುಗಳಾದವು.

ಅನಂತರ ಸರ್ಕಾರ ಮತ್ತು ಸಂಸ್ಥೆಗಳು ದಕ್ಷಿಣಕ್ಕೂ ಯುರೋಪಿನ ಮೆಲ್ಲಿಫೆರಾ ನೊಣವನ್ನು ತಂದವು. 1960ರ ದಶಕದಲ್ಲಿ ಉತ್ತರದಲ್ಲಿ ನೆಲೆಯೂರಿದ್ದ ಈ ನೊಣ ಸಾಸಿವೆ, ಸೂರ್ಯಕಾಂತಿಯ ಬಯಲಿನಲ್ಲಿ ಹೇರಳ ತುಪ್ಪ ಕೊಡುತ್ತದೆ. ಆದರೆ ಹೂವಿದ್ದೆಡೆಗೆ ಪೆಟ್ಟಿಗೆ ಸಾಗಿಸುತ್ತಿರಬೇಕು. ನಾಲ್ಕು ತಿಂಗಳ ಜಡಿಮಳೆ ಅದಕ್ಕೆ ಒಗ್ಗದು. ಮಲೆನಾಡಿನ ಹಿತ್ತಿಲನ್ನು ಮತ್ತೆ ತುಂಬಿದ್ದು ತುಡುವೆಯೇ. ಕಾಡಿನ ಪೊಟರೆಗಳಲ್ಲಿ ರೋಗವನ್ನು ತಡೆದುಕೊಂಡ ಕುಟುಂಬಗಳು ಉಳಿದಿದ್ದವು. ನಿಧಾನವಾಗಿ, ವರ್ಷಕ್ಕೊಂದು ಪಾಲಿನಂತೆ, ಅವು ತೋಟದ ಕಡೆಗೆ ಮರಳಿದವು. ರೋಗ ಇಂದಿಗೂ ಆಗಾಗ ತಲೆ ಎತ್ತುತ್ತದೆ, ಆದರೆ ನೊಣ ಅದರೊಂದಿಗೆ ಬದುಕುವುದನ್ನು ಕಲಿತಿದೆ.

ಮರಳದೇ ಉಳಿದದ್ದು ಕೈ. ಪೆಟ್ಟಿಗೆ ಬರಿದಾದ ಆ ಹತ್ತು ಹದಿನೈದು ವರ್ಷಗಳು, ನಮ್ಮಲ್ಲಿ ಬಹಳ ಮಂದಿ ಡಿಗ್ರಿ ಮುಗಿಸಿ ಬೆಂಗಳೂರಿಗೂ ಮುಂಬಯಿಗೂ ಹೊರಟ ವರ್ಷಗಳೂ ಹೌದು. ಜೇನು ಹೋಯಿತೆಂದು ಯಾರೂ ಊರು ಬಿಡಲಿಲ್ಲ. ಬಿಡಲು ಬೇರೆ ಕಾರಣಗಳಿದ್ದವು. ಆದರೆ ಯಾವ ವಯಸ್ಸಿನಲ್ಲಿ ಅಜ್ಜನ ಪಕ್ಕ ನಿಂತು ಹೊಗೆ ಊದಬೇಕಿತ್ತೋ ಆ ವಯಸ್ಸಿನಲ್ಲಿ ಊದಲು ಪೆಟ್ಟಿಗೆಯೇ ಇರಲಿಲ್ಲ. ರಾಣಿ ಕೋಶವನ್ನು ಯಾವ ದಿನ ಕೀಳಬೇಕು, ಯಾವುದನ್ನು ಉಳಿಸಬೇಕು, ಪಾಲು ಹೊರಡುವ ಮುನ್ನ ಬಾಗಿಲ ಬಳಿಯ ಸದ್ದು ಹೇಗೆ ಬದಲಾಗುತ್ತದೆ – ಇವು ಕೈಯಿಂದ ಕೈಗೆ, ಕಿವಿಯಿಂದ ಕಿವಿಗೆ ಹೋಗುವ ವಿದ್ಯೆ. ನೊಣದ ಸಂತತಿ ಕಾಡಿನಲ್ಲಿ ಉಳಿಯಿತು. ಈ ವಿದ್ಯೆಗೆ ಅಂಥ ಕಾಡಿರಲಿಲ್ಲ.

ಹಾಗೆಂದು ಮುಗಿದ ಕಥೆಯೇನಲ್ಲ. ಜೇನು ಸಂಶೋಧನೆ ಮತ್ತು ತರಬೇತಿಯ ಕೇಂದ್ರೀಯ ಸಂಸ್ಥೆ 1962ರಿಂದ ನಮ್ಮ ಪಕ್ಕದ ಪುಣೆಯಲ್ಲೇ ಇದೆ. ಮಹಾಬಲೇಶ್ವರ ತಾಲ್ಲೂಕಿನ ಮಾಂಘರ್ ಎಂಬ ಪುಟ್ಟ ಹಳ್ಳಿಯನ್ನು 2022ರಲ್ಲಿ ‘ಮಧಾಚೆ ಗಾವ್’ ಎಂದು ಘೋಷಿಸಿದರು. ಅಲ್ಲಿ ಸಾಕುವುದು ನಮ್ಮ ತುಡುವೆಯನ್ನೇ. ಆ ಬೆಟ್ಟದ ಹೆಸರಾಂತ ತುಪ್ಪ ನೇರಳೆ ಹೂವಿನದು. ಅಂಬರನಾಥದಿಂದ ಒಂದು ಸ್ಟೇಷನ್ ಆಚೆಗಿರುವ ಬದ್ಲಾಪುರದ ನೇರಳೆ ಹಣ್ಣನ್ನು ನಾವು ಪ್ರತಿ ಬೇಸಗೆಯ ಕೊನೆಗೆ ಚಪ್ಪರಿಸಿ ತಿನ್ನುತ್ತೇವೆ. ಆ ಮರ ಹೂವಾಗಿದ್ದಾಗ ಅಲ್ಲಿಗೆ ಯಾವ ನೊಣ ಬಂದಿತ್ತೆಂದು ನೋಡಿದವರು ಕಡಿಮೆ.

ಈ ಸಲ ಊರಿಗೆ ಹೋದಾಗ ಜೇನಿನ ಬಾಟಲಿ ಕೇಳುವ ಮೊದಲು, ಊರಿನಲ್ಲಿ ಈಗಲೂ ಪೆಟ್ಟಿಗೆ ತೆರೆಯುವವರು ಯಾರಿದ್ದಾರೆ ಎಂದು ವಿಚಾರಿಸಿ. ಸಾಮಾನ್ಯವಾಗಿ ಒಬ್ಬರು ಇದ್ದಾರೆ, ಎಪ್ಪತ್ತು ದಾಟಿದವರು. ಅವರು ಚೌಕಟ್ಟು ಎತ್ತುವಾಗ ಪಕ್ಕದಲ್ಲಿ ನಿಲ್ಲಿ, ಏನು ನೋಡುತ್ತಿದ್ದೀರಿ ಎಂದು ಕೇಳಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಸದ್ದನ್ನೂ ಹಿಡಿದಿಟ್ಟುಕೊಳ್ಳಿ. ಮಕ್ಕಳಿದ್ದರೆ ಹೊಗೆ ಊದುವ ಕೆಲಸ ಅವರಿಗೆ ಕೊಡಿ.