ಹಿರಿಯರನ್ನು ಆರೈಕೆ ನಿವಾಸಕ್ಕೆ ಸೇರಿಸುವುದು ಯಾವಾಗ?

ವಯಸ್ಸು ಎಂಬತ್ತಾಯಿತೆಂಬುದು ಕಾರಣವಲ್ಲ. ಸ್ನಾನ, ಊಟ, ಶೌಚ, ಓಡಾಟಗಳಲ್ಲಿ ಯಾವುದಕ್ಕೆ ಇನ್ನೊಬ್ಬರ ಕೈ ಬೇಕೆಂದು ನೋಡಬೇಕು. ಪದೇ ಪದೇ ಬೀಳುವುದು, ಗ್ಯಾಸ್ ಆರಿಸಲು ಮರೆಯುವುದು, ನೋಡಿಕೊಳ್ಳುವ ಸೊಸೆಯೇ ಸೋತು ಮಲಗುವುದು ನಿಜವಾದ ಸೂಚನೆಗಳು. ಮರೆವು, ಗೊಂದಲ ಹೆಚ್ಚಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕಿನಿಂದಲೂ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ12 ಕೊರತೆಯಿಂದಲೂ ಹಾಗಾಗುತ್ತದೆ.

ನಿವಾಸ ನೋಡಲು ಹಿರಿಯರನ್ನೇ ಕರೆದುಕೊಂಡು ಸಂಜೆ ಹೋಗಿ. ಸೂರ್ಯಾಸ್ತಕ್ಕೆ ಮುನ್ನ, ಗೆಡ್ಡೆಗೆಣಸು ಈರುಳ್ಳಿಯಿಲ್ಲದ ಊಟ ಬಡಿಸುತ್ತಾರೆಯೇ? ಸಕ್ಕರೆ ಕಾಯಿಲೆಯವರು ರಾತ್ರಿ ಆಹಾರ ಬಿಟ್ಟವರಾದರೆ ಮಾತ್ರೆ, ಇನ್ಸುಲಿನ್ ಸಮಯವನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು. ಇದನ್ನು ಮರೆಯುವವರೇ ಹೆಚ್ಚು.

ಸಿರುಗುಪ್ಪ, ಕುರುಗೋಡಿನವರಿಗೆ 300 ಕಿ.ಮೀ.ಗೂ ಹೆಚ್ಚು ದೂರದ ಬೆಂಗಳೂರಿಗಿಂತ, ಬಂಧುಗಳು ವಾರಕ್ಕೊಮ್ಮೆ ಹೋಗಿಬರಬಲ್ಲ ಬಳ್ಳಾರಿಯಲ್ಲೇ ವ್ಯವಸ್ಥೆಯಾದರೆ ಮೇಲು. ಮೊದಲು ಒಂದು ತಿಂಗಳು ಮಾತ್ರ ಇರಿಸಿ ನೋಡಿ. ಮನೆಯ ಕೋಣೆ ಖಾಲಿ ಮಾಡಬೇಡಿ. ಮಾಹಿತಿಗೆ ಹಿರಿಯರ ಸಹಾಯವಾಣಿ: 14567.