ತೆಕ್ಕೆ ಬಿಡಿಸುವವರು ಯಾರು?

1860ರ ಏಪ್ರಿಲ್ 17ರಂದು ಇಂಗ್ಲೆಂಡಿನ ಫಾರ್ನ್‌ಬರೋ ಬಯಲಿನಲ್ಲಿ ಟಾಮ್ ಸೇಯರ್ಸ್ ಮತ್ತು ಅಮೆರಿಕದ ಜಾನ್ ಹೀನನ್ ಎರಡು ಗಂಟೆಗೂ ಮಿಕ್ಕಿ ಬರಿಗೈಯಲ್ಲಿ ಕಾದಾಡಿದರು. ಸೇಯರ್ಸ್‌ನ ಬಲಗೈ ಆರಂಭದ ಸುತ್ತುಗಳಲ್ಲೇ ಪೆಟ್ಟು ತಿಂದು ಕೆಲಸಕ್ಕೆ ಬಾರದಂತಾಗಿತ್ತು. ಕೊನೆಕೊನೆಗೆ ಹೀನನ್ ಅವನನ್ನು ತೆಕ್ಕೆಗೆ ಸೆಳೆದು, ಕತ್ತನ್ನು ರಿಂಗಿನ ಮೇಲಿನ ಹಗ್ಗಕ್ಕೆ ಅದುಮಿ ಹಿಡಿದ. ಉಸಿರುಗಟ್ಟುತ್ತಿದ್ದ ಸೇಯರ್ಸ್ ಅದರಿಂದ ತಾನಾಗಿ ಹೊರಬರಲಿಲ್ಲ. ಹಗ್ಗ ಸಡಿಲವಾಯಿತು, ಜನ ಒಳಗೆ ನುಗ್ಗಿದರು, ಪಂದ್ಯ ಡ್ರಾ ಎಂದಾಯಿತು.

ಎದುರಾಳಿಯನ್ನು ನಿಂತಲ್ಲೇ ಕತ್ತು, ತೋಳು ಇಲ್ಲವೆ ನಡು ಹಿಡಿದು ಕಟ್ಟಿಹಾಕುವುದೇ ತೆಕ್ಕೆ, ಅಂದರೆ ಕ್ಲಿಂಚ್. ಹಿಡಿಯುವುದರ ಇತಿಹಾಸವನ್ನು ಬರೆದವರು ಬಹಳ ಮಂದಿ. ಬಿಡಿಸಿಕೊಳ್ಳುವುದಕ್ಕೂ ಒಂದು ಇತಿಹಾಸವಿದೆ. ಅದನ್ನು ನೋಡುತ್ತ ಹೋದಂತೆ ನನಗೆ ಸ್ಪಷ್ಟವಾಗುವುದು ಇಷ್ಟು: ತೆಕ್ಕೆ ಬಿಡಿಸುವ ಕೆಲಸವನ್ನು ರೆಫರಿಗೆ ಒಪ್ಪಿಸಿದ ಆಟಗಳಲ್ಲಿ ಈ ವಿದ್ಯೆ ಸೊರಗಿತು. ಹೋರಾಟಗಾರನ ಪಾಲಿಗೇ ಬಿಟ್ಟ ಆಟಗಳಲ್ಲಿ ಬೆಳೆಯಿತು.

ಬಾಕ್ಸಿಂಗ್ ಮೊದಲ ಗುಂಪಿನದು. 1743ರಲ್ಲಿ ಜ್ಯಾಕ್ ಬ್ರೌಟನ್ ಬರೆದ ನಿಯಮಗಳು ಹಿಡಿತಗಳ ಪೈಕಿ ಸೊಂಟದ ಕೆಳಗೆ ಹಿಡಿಯುವುದನ್ನಷ್ಟೇ ತಡೆದಿದ್ದವು. ಹಾಗಾಗಿ ಬರಿಗೈ ಕಾಲದ ಜಟ್ಟಿಗೆ ಕುಸ್ತಿಯೂ ಬರಬೇಕಿತ್ತು. ಸೊಂಟದ ಮೇಲೆ ಹೊತ್ತು ಒಗೆಯುವ ಪಟ್ಟು ಎಲ್ಲರಿಗೂ ಗೊತ್ತಿತ್ತು, ಅದನ್ನು ತಡೆಯುವ ನಿಲುವೂ ಗೊತ್ತಿತ್ತು. 1867ರ ಕ್ವೀನ್ಸ್‌ಬರಿ ನಿಯಮಗಳು ಕುಸ್ತಿಯನ್ನೂ ಅಪ್ಪಿಕೊಳ್ಳುವುದನ್ನೂ ಒಟ್ಟಿಗೇ ನಿಷೇಧಿಸಿದವು. ನಿಷೇಧವೇನೋ ಬಂತು, ಅಪ್ಪುಗೆ ಹೋಗಲಿಲ್ಲ. ದಣಿದವನಿಗೆ, ತಲೆ ಸುತ್ತುತ್ತಿರುವವನಿಗೆ ಅದು ಆಸರೆಯಾಗಿ ಉಳಿಯಿತು. 1908ರಲ್ಲಿ ವಿಶ್ವ ಹೆವಿವೇಟ್ ಪಟ್ಟಕ್ಕೇರಿದ ಜ್ಯಾಕ್ ಜಾನ್ಸನ್ ಎದುರಾಳಿಯ ತೋಳುಗಳನ್ನು ಹಿಡಿದು, ಏಟು ಹೊರಡುವ ಮೊದಲೇ ಅದರ ಬಲ ಕಸಿಯುತ್ತಿದ್ದ.

ತೆಕ್ಕೆ ಬಿಡಿಸುವ ಕೆಲಸ ರೆಫರಿಯ ಪಾಲಾದುದರ ಪರಿಣಾಮ ನೋಡಬೇಕೆಂದರೆ ಅಲಿ–ಫ್ರೇಜಿಯರ್ ಪಂದ್ಯಗಳನ್ನು ನೋಡಬೇಕು. 1974ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಮುಹಮ್ಮದ್ ಅಲಿ ಮತ್ತೆ ಮತ್ತೆ ಜೋ ಫ್ರೇಜಿಯರ್‌ನ ಹಿಂಗತ್ತಿಗೆ ಕೈಹಾಕಿ ತಲೆ ಕೆಳಗೆಳೆದು ಗೆದ್ದ. ಮರುವರ್ಷ ಮನಿಲಾದಲ್ಲಿ ಮೂರನೆಯ ಪಂದ್ಯಕ್ಕೆ ಮುನ್ನ ಫ್ರೇಜಿಯರ್‌ನ ತರಬೇತುದಾರ ಎಡ್ಡಿ ಫಚ್ ಪಟ್ಟುಹಿಡಿದದ್ದು ರೆಫರಿಯ ಬದಲಾವಣೆಗೆ. ಹೊಸ ರೆಫರಿ ಕಾರ್ಲೋಸ್ ಪಡಿಲ್ಲಾ ಅಲಿಯ ಕೈಯನ್ನು ಫ್ರೇಜಿಯರ್‌ನ ಕತ್ತಿನಿಂದ ತಾವೇ ಕಿತ್ತು ಸರಿಸುತ್ತಿದ್ದರು. ಫಚ್ ಮಾಡಿದ್ದು ಜಾಣತನವೇ. ಆದರೆ ಜಗತ್ತಿನ ಅತಿ ಶ್ರೇಷ್ಠರಲ್ಲಿ ಒಬ್ಬನಾದ ಬಾಕ್ಸರ್‌ಗೆ ಕತ್ತಿನ ಮೇಲಿನ ಒಂದು ಕೈ ತೆಗೆಯಲು ಮೂರನೆಯವನು ಬೇಕಾಯಿತು.

ಕುಸ್ತಿಯ ದಾರಿ ಬೇರೆ. ಅಲ್ಲಿ ಹಿಡಿತವೇ ಆಟ. ಬಿಡಿಸಲು ಯಾರೂ ಬರುವುದಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಬಗ್ಗೆಯೇ ಬರೆದು, ಮಲ್ಲರ ದರ್ಜೆ, ಆಹಾರ, ಸಾಧನೆಗಳನ್ನು ವಿವರಿಸುತ್ತಾನೆ. ಗರಡಿಯಲ್ಲಿ ಪಟ್ಟು ಕಲಿಸುವ ಉಸ್ತಾದ್ ಅದನ್ನು ಮುರಿಯುವ ಪಟ್ಟನ್ನೂ ಜೊತೆಗೇ ಹೇಳಿಕೊಡುವ ರೂಢಿ ಇಂಥ ಪರಂಪರೆಯದು. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ಒಂದು ಕೈಯಲ್ಲಿ ಮೊನಚಾದ ಆಯುಧವಿರುತ್ತದೆ. ಎದುರಾಳಿಯ ಆ ಕೈಯನ್ನು ದೂರವಿಡುವುದು, ಹಿಡಿತಕ್ಕೆ ಸಿಗದೆ ತಲೆ ಉಳಿಸಿಕೊಳ್ಳುವುದು ಅಲ್ಲಿ ಮೊದಲ ಪಾಠ. ಇಂದು ತಲೆಯಲ್ಲಿ ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ.

ಒಲಿಂಪಿಕ್ಸ್‌ನಲ್ಲಿ ತೆಕ್ಕೆ ಬಿಡಿಸುವ ಪ್ರಶ್ನೆಗೆ ಒಂದು ವಿಚಿತ್ರ ಉತ್ತರ ಸಿಕ್ಕಿತು. 2000ದ ಸಿಡ್ನಿ ಕ್ರೀಡಾಕೂಟದ ಗ್ರೀಕೋ-ರೋಮನ್ ಕುಸ್ತಿಯಲ್ಲಿ, ಮೊದಲ ಅವಧಿಯಲ್ಲಿ ಯಾರೂ ಅಂಕ ಗಳಿಸದಿದ್ದರೆ ಎರಡನೆಯದನ್ನು ಎದೆಗೆ ಎದೆ ಕೊಟ್ಟ ಕ್ಲಿಂಚ್‌ನಿಂದಲೇ ಆರಂಭಿಸಬೇಕು, ಮೊದಲು ಕೈ ಬಿಟ್ಟವನ ಎದುರಾಳಿಗೆ ಅಂಕ ಎಂಬ ನಿಯಮವಿತ್ತು. ಮೂರು ಒಲಿಂಪಿಕ್ ಚಿನ್ನ ಗೆದ್ದಿದ್ದ ರಷ್ಯಾದ ಅಲೆಕ್ಸಾಂಡರ್ ಕರೆಲಿನ್ ಫೈನಲ್‌ನಲ್ಲಿ ಒಂದು ಕ್ಷಣ ಬೆರಳ ಬೆಸುಗೆ ಸಡಿಲಿಸಿದ. ಅಮೆರಿಕದ ರೂಲನ್ ಗಾರ್ಡ್‌ನರ್‌ಗೆ ಸಿಕ್ಕ ಆ ಒಂದೇ ಅಂಕದಿಂದ ಚಿನ್ನದ ಪದಕ ನಿರ್ಧಾರವಾಯಿತು.

ಈ ವಿದ್ಯೆ ಅತ್ಯಂತ ಸೂಕ್ಷ್ಮವಾಗಿ ಬೆಳೆದದ್ದು ಥಾಯ್ಲೆಂಡಿನಲ್ಲಿ ಎಂದು ನನ್ನ ಎಣಿಕೆ. ಅಲ್ಲಿನ ಕಾಳಗದ ಆಟವಾದ ಮುಯ್ ಥಾಯ್‌ನಲ್ಲಿ ಇಬ್ಬರೂ ತೆಕ್ಕೆಯಲ್ಲಿ ಕೆಲಸ ಮಾಡುತ್ತಿರುವಷ್ಟು ಹೊತ್ತು ರೆಫರಿ ನಡುವೆ ಬರುವುದಿಲ್ಲ. ಬ್ಯಾಂಕಾಕಿನ ರಾಜದಮ್ನೇನ್ 1945ರಲ್ಲಿ, ಲುಂಪಿನಿ 1956ರಲ್ಲಿ ತೆರೆದ ಮೇಲೆ ಈ ಎರಡು ಕ್ರೀಡಾಂಗಣಗಳೇ ಆಟದ ಕೇಂದ್ರಗಳಾದವು. 1980ರ ದಶಕದ ಆರಂಭದಲ್ಲಿ ಡೀಸೆಲ್‌ನಾಯ್ ಎಂಬ ಎತ್ತರದ ಆಟಗಾರ ಮೊಣಕಾಲಿನಿಂದಲೇ ಎದುರಾಳಿಗಳನ್ನು ಹಣ್ಣುಮಾಡಿ, ಜೋಡಿ ಸಿಗದೆ ಕುಳಿತುಕೊಳ್ಳುವ ಸ್ಥಿತಿಗೆ ಬಂದ. ಇಂಥವರ ನಡುವೆ ಬದುಕಬೇಕಾದವರು ಬಿಡಿಸಿಕೊಳ್ಳುವುದನ್ನು ಕಲಿಯಲೇಬೇಕಾಯಿತು.

ಹಿಡಿಯುವವನು ಎರಡೂ ಅಂಗೈಗಳನ್ನು ಹಿಂದಲೆಯ ಮೇಲೆ ಒಂದರ ಮೇಲೊಂದು ಇಟ್ಟು, ಮೊಣಕೈಗಳನ್ನು ಒತ್ತಾಗಿ ಸೇರಿಸಿ ತಲೆ ಬಗ್ಗಿಸುತ್ತಾನೆ. ಸಿಕ್ಕಿಬಿದ್ದವನ ಮೈ ತಾನಾಗಿ ಹಿಂದಕ್ಕೆ ಜಗ್ಗುತ್ತದೆ. ಅದೇ ಅಪಾಯ. ಹಿಂದೆ ಸರಿದಷ್ಟೂ ಬೆನ್ನು ಬಾಗುತ್ತದೆ, ನಡುವೆ ಜಾಗವಾಗುತ್ತದೆ, ಆ ಜಾಗದಲ್ಲಿ ಮೊಣಕಾಲು ಪೂರ್ತಿ ಬಲದಿಂದ ಏರಿಬರುತ್ತದೆ. ಥಾಯ್ ಗುರುಗಳು ಕಲಿಸುವುದು ತದ್ವಿರುದ್ಧ: ಬೆನ್ನು ನೇರ ಮಾಡು, ಸೊಂಟವನ್ನು ಎದುರಾಳಿಯ ಸೊಂಟಕ್ಕೆ ಅಂಟಿಸು, ಮೊಣಕಾಲಿಗೆ ಜಾಗ ಕೊಡಬೇಡ. ಆಮೇಲೆ ಅವನ ಎರಡು ತೋಳುಗಳ ನಡುವೆ ನಿನ್ನ ಒಂದು ಕೈ ತೂರಿಸು, ಅವನ ಕತ್ತು ಹಿಡಿ, ಎರಡನೆಯ ಕೈಗೂ ದಾರಿ ಮಾಡು. ಈಗ ಒಳಗಿನ ಜಾಗ ನಿನ್ನದು. ಅದಾಗದಿದ್ದರೆ ಅವನ ದವಡೆಯನ್ನು ಅಂಗೈಯಿಂದ ಹೊರಳಿಸಿ ಪಕ್ಕಕ್ಕೆ ಹೆಜ್ಜೆ ಇಡು. ಅವನು ಮೊಣಕಾಲು ಎತ್ತಿದ ಗಳಿಗೆಯಲ್ಲಿ ಒಂಟಿಕಾಲಿನ ಮೇಲಿರುತ್ತಾನೆ. ಆಗ ತಿರುಗಿಸಿದರೆ ಉರುಳುತ್ತಾನೆ. ಬಿಡಿಸಿಕೊಳ್ಳುವಿಕೆ ಇಲ್ಲಿ ಓಡಿಹೋಗುವುದಲ್ಲ, ತಿರುಗಿ ಹಿಡಿಯುವುದು. ದಿನವೂ ಬಹಳ ಹೊತ್ತು ತೆಕ್ಕೆಯಲ್ಲೇ ಕಳೆಯುವ ಥಾಯ್ ಹುಡುಗರಿಗೆ ಎದುರಾಳಿಯ ಭಾರ ಯಾವ ಕಾಲಿಗೆ ಜಾರುತ್ತಿದೆ ಎಂಬುದು ಕಣ್ಣಿಗಿಂತ ಮೊದಲು ಎದೆಗೆ, ತೋಳಿಗೆ ತಿಳಿಯುತ್ತದೆ.

ಜಪಾನಿನಲ್ಲಿ 1993ರಲ್ಲಿ ಶುರುವಾದ ಕೆ-1 ಕಿಕ್‌ಬಾಕ್ಸಿಂಗ್ ವೇಗದ ಆಟ ಬೇಕೆಂದು ತೆಕ್ಕೆಯನ್ನು ಮಿತಗೊಳಿಸಿತು. ಆ ಆಟದ ಮಟ್ಟಿಗೆ ಈ ವಿದ್ಯೆಯ ಮಾತೂ ಮುಗಿಯಿತು.

ಅದೇ 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರಿನಲ್ಲಿ, ಬೇರೆ ಬೇರೆ ಸಮರಕಲೆಗಳವರನ್ನು ಎದುರುಬದುರು ನಿಲ್ಲಿಸುವ ಮೊದಲ ಯುಎಫ್‌ಸಿ ನಡೆಯಿತು, ಹಳೆಯ ಪ್ರಶ್ನೆಯನ್ನು ಮತ್ತೆ ಎಬ್ಬಿಸಿತು. ಅಲ್ಲಿ ರಾಯ್ಸ್ ಗ್ರೇಸಿ ಏಟಿನ ಆಟದವರನ್ನು ತಬ್ಬಿ ನೆಲಕ್ಕೆಳೆದು ಗೆದ್ದಾಗ ತಬ್ಬಿದವನನ್ನು ಏನು ಮಾಡಬೇಕೆಂದೇ ಅವರಿಗೆ ತೋಚಿರಲಿಲ್ಲ. ಗ್ರೀಕೋ-ರೋಮನ್ ಕುಸ್ತಿಯಿಂದ ಬಂದ ರ್‍ಯಾಂಡಿ ಕೌಚರ್ ಒಂದು ಕೈಯಿಂದ ಕತ್ತು ಹಿಡಿದು ಇನ್ನೊಂದರಿಂದ ಗುದ್ದುವುದನ್ನು ತೋರಿಸಿದ. 2006ರ ಅಕ್ಟೋಬರಿನಲ್ಲಿ ಆಂಡರ್ಸನ್ ಸಿಲ್ವಾ ಥಾಯ್ ತೆಕ್ಕೆಯಲ್ಲಿ ರಿಚ್ ಫ್ರಾಂಕ್ಲಿನ್‌ನ ಮೂಗು ಮುರಿದು ಮೊದಲ ಸುತ್ತಿನಲ್ಲೇ ಮುಗಿಸಿದ. ಮರುವರ್ಷದ ಮರುಪಂದ್ಯದಲ್ಲೂ ಫ್ರಾಂಕ್ಲಿನ್‌ನನ್ನು ಕೆಡವಿದ್ದು ತೆಕ್ಕೆಯ ಮೊಣಕಾಲೇ. ಕಲಿತು ಬಂದವನೂ ಹೀಗೆ ಸಿಕ್ಕಿಬಿದ್ದದ್ದನ್ನು ಕಂಡಾಗ, ತಿಳಿವಳಿಕೆ ಮೈಗೂಡಲು ಎಷ್ಟು ಕಾಲ ಬೇಕೆಂಬುದು ಅರ್ಥವಾಗುತ್ತದೆ.

ಮುಂದಿನ ಬದಲಾವಣೆ ತಂದದ್ದು ಈ ಪಂದ್ಯಗಳು ನಡೆಯುವ ಪಂಜರದ ಜಾಲರಿ ಗೋಡೆ. ರಿಂಗಿನ ಹಗ್ಗ ಬಾಗುತ್ತದೆ, ಜಾಲರಿ ಬೆನ್ನಿಗೆ ಆಸರೆಯಾಗುತ್ತದೆ. ಅದಕ್ಕೆ ಒತ್ತಿ ಕೆಡವುವುದು ಮೇಲುಗೈಯಾದಂತೆ, ಅದಕ್ಕೆ ಒರಗಿಯೇ ಎದ್ದು ನಿಲ್ಲುವುದೂ ಬೆಳೆಯಿತು. ಕಾಲು ಅಗಲಿಸಿ ನಿಂತು, ಎದುರಾಳಿಯ ಕಂಕುಳ ಕೆಳಗೆ ಒಂದು ಕೈ ತೂರಿಸಿ, ಹಣೆಯನ್ನು ಅವನ ಗಲ್ಲದಡಿ ಒತ್ತಿ, ನಡುವಿಗೆ ಬೆಸೆದ ಬೆರಳುಗಳನ್ನು ಬಿಡಿಸಿ, ಹೊರಳಿ ಜಾಗ ಬದಲಿಸುವುದು. ಬ್ರೆಜಿಲ್‌ನ ಜೋಸೆ ಆಲ್ಡೋ ಇದರಲ್ಲಿ ಅಪ್ರತಿಮ. ಕಾಲು ಹಿಡಿಯಲು ಬಂದವನಿಗೆ ಅವನ ಸೊಂಟ ಸಿಗುತ್ತಿರಲಿಲ್ಲ. ಒಮ್ಮೆ ಸಿಕ್ಕರೂ ಮರುಗಳಿಗೆಗೆ ಆಲ್ಡೋ ಪಕ್ಕದಲ್ಲಿ ನಿಂತಿರುತ್ತಿದ್ದ.

ಆದರೂ ಇಂದಿನ ಮಿಶ್ರ ಸಮರಕಲೆಯ ಏಕೀಕೃತ ನಿಯಮಗಳಲ್ಲಿ ಅಂಕ ಕೊಡುವಾಗ ಮೊದಲ ಪ್ರಾಶಸ್ತ್ಯ ಪರಿಣಾಮ ಬೀರುವ ದಾಳಿಗೆ. ರಕ್ಷಣೆಗೆ ಪ್ರತ್ಯೇಕ ಅಂಕವಿಲ್ಲ. ಐದು ನಿಮಿಷದ ಸುತ್ತಿನಲ್ಲಿ ಹಲವು ಸಲ ತೆಕ್ಕೆ ಮುರಿದು ಹೊರಬಂದವನ ಶ್ರಮ ತೀರ್ಪುಗಾರರ ಹಾಳೆಯಲ್ಲಿ ದಾಖಲಾಗುವುದಿಲ್ಲ. ಹೊರಬಂದ ಮೇಲೆ ಒಂದು ಏಟನ್ನಾದರೂ ಅವನು ನಾಟಿಸಲೇಬೇಕು. ಹಾಗಾಗಿ ಈಗಿನ ಕೋಚ್‌ಗಳು ಬಿಡಿಸಿಕೊಳ್ಳುವ ಚಲನೆಯ ತುದಿಗೇ ಮೊಣಕೈ ಏಟನ್ನು ಜೋಡಿಸಿ ಕಲಿಸುತ್ತಿದ್ದಾರೆ.